ಅತಿಥಿ ಉಪನ್ಯಾಸಕರು ತಮ್ಮ ಸೇವಾ ಪುಸ್ತಕವನ್ನು ತಾವೇ ಬರೆದುಕೊಳ್ಳುವ ಬಗೆ

ಸರಕಾರಿ ಕಾಲೇಜಿನ ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಪ್ರತಿಯೊಬ್ಬ ಖಾಯಂ ಅಧ್ಯಾಪಕರ ಹೆಸರಿನಲ್ಲೂ ಒಂದು ಸೇವಾ ಪುಸ್ತಕ ಇರುತ್ತದೆ. ಅವರು ಕೆಲಸಕ್ಕೆ ಸೇರಿದ ದಿನ, ಪಡೆದ ವೇತನ ಬಡ್ತಿ, ಹಾಕಿದ ರಜೆ, ವರ್ಗಾವಣೆಯಾಗಿ ಹೋದ ದಿನಾಂಕ ಎಲ್ಲವನ್ನೂ ಗುಮಾಸ್ತರು ಅದರಲ್ಲಿ ಬರೆಯುತ್ತಾರೆ, ಪ್ರಾಂಶುಪಾಲರು ಸಹಿ ಹಾಕುತ್ತಾರೆ. ಅದೇ ಕಾಲೇಜಿನಲ್ಲಿ ಅದೇ ಪಠ್ಯವನ್ನು ಹದಿನೈದು ವರ್ಷ ಕಲಿಸಿದ ಅತಿಥಿ ಉಪನ್ಯಾಸಕರ ಹೆಸರಿನಲ್ಲಿ ಆ ಕಪಾಟಿನಲ್ಲಿ ಏನೂ ಇರುವುದಿಲ್ಲ. ಅವರಿಗೆ ಸಲ್ಲಬೇಕಾದ ಸಣ್ಣಪುಟ್ಟ ಹಕ್ಕುಗಳಿಗೆಲ್ಲ ಸೇವೆಯ ದಾಖಲೆಯೇ ಆಧಾರ. ಆ ದಾಖಲೆಯನ್ನು ಇಟ್ಟುಕೊಳ್ಳುವ ಹೊಣೆ ಮಾತ್ರ ಯಾರದೂ ಅಲ್ಲ. ಆದ್ದರಿಂದ ಅದನ್ನು ಅವರೇ ಇಟ್ಟುಕೊಳ್ಳಬೇಕು. ಮಂಗಳೂರು ಮತ್ತು ಉಡುಪಿಯ ನಡುವಿನ ಕಾಲೇಜುಗಳಲ್ಲಿ ಹಲವು ವರ್ಷ ಅತಿಥಿಯಾಗಿದ್ದು ಈ ಪಾಠವನ್ನು ತಡವಾಗಿ ಕಲಿತ ನಾನು, ಈಗ ಕೆಲಸಕ್ಕೆ ಸೇರುತ್ತಿರುವವರು ಅದನ್ನು ಮೊದಲ ದಿನವೇ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು, ಯಾವ ಬಾಗಿಲಿನಿಂದ ಒಳಬಂದಿದ್ದೀರಿ ಎಂದು ತಿಳಿಯಿರಿ

ನಮ್ಮ ಎರಡು ಜಿಲ್ಲೆಗಳಲ್ಲಿ ಖಾಯಂ ಅಲ್ಲದ ಅಧ್ಯಾಪಕರು ಸ್ಥೂಲವಾಗಿ ನಾಲ್ಕು ಬಗೆಯವರು. ಮಂಗಳೂರಿನ ರಥಬೀದಿಯ ಕಾಲೇಜು, ಉಡುಪಿಯ ಅಜ್ಜರಕಾಡಿನ ಮಹಿಳಾ ಕಾಲೇಜು, ತೆಂಕನಿಡಿಯೂರು, ಹಳೆಯಂಗಡಿ, ಬೆಟ್ಟಂಪಾಡಿ ಮುಂತಾದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಕಾಲೇಜು ಶಿಕ್ಷಣ ಇಲಾಖೆಯ ಆನ್‌ಲೈನ್ ಕೌನ್ಸೆಲಿಂಗ್ ಮೂಲಕ ಬಂದವರು ಒಂದು ಬಗೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ವಿಭಾಗಗಳಲ್ಲಿಯೋ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಂತಹ ಘಟಕ ಕಾಲೇಜುಗಳಲ್ಲಿಯೋ ವಿಶ್ವವಿದ್ಯಾನಿಲಯದ ಆದೇಶದಂತೆ ಕಲಿಸುವವರು ಎರಡನೆಯ ಬಗೆ. ಅನುದಾನಿತ ಕಾಲೇಜಿನಲ್ಲಿ ಸರಕಾರ ತುಂಬದೆ ಬಿಟ್ಟ ಹುದ್ದೆಯ ಪಾಠವನ್ನು ಆಡಳಿತ ಮಂಡಳಿಯ ಸಂಬಳದಲ್ಲಿ ಮಾಡುವವರು ಮೂರನೆಯವರು. ಅನುದಾನರಹಿತ ಕಾಲೇಜುಗಳಲ್ಲಿ ಮತ್ತು ಪರಿಗಣಿತ (ಡೀಮ್ಡ್) ವಿಶ್ವವಿದ್ಯಾನಿಲಯಗಳಲ್ಲಿ ಗುತ್ತಿಗೆಯ ಮೇಲೆ ಇರುವವರು ನಾಲ್ಕನೆಯವರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಚಹಾ ಕುಡಿಯುವುದರಿಂದ, ಒಬ್ಬರಿಗೆ ಅನ್ವಯಿಸುವ ನಿಯಮ ಎಲ್ಲರಿಗೂ ಅನ್ವಯಿಸುತ್ತದೆ ಎಂಬ ತಪ್ಪು ತಿಳಿವಳಿಕೆ ಬೆಳೆಯುತ್ತದೆ. ನಿಮಗೆ ಸಂಬಳ ಕೊಡುವವರು ಯಾರು, ನಿಮ್ಮ ಆದೇಶಕ್ಕೆ ಸಹಿ ಹಾಕಿದವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ, ಮುಂದೆ ಯಾರ ಬಳಿ ಕೇಳಬೇಕೆಂಬುದೂ ಸ್ಪಷ್ಟವಾಗುತ್ತದೆ.

ಮೊದಲ ಬಗೆಯವರ ಗೌರವಧನದ ಲೆಕ್ಕ ಹೀಗಿದೆ. 2022ರ ಜನವರಿಯ ಸರಕಾರಿ ಆದೇಶ ಯುಜಿಸಿ (ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ) ವಿಧಿಸಿದ ಅರ್ಹತೆ ಇರುವವರಿಗೆ ಸೇವೆ 5 ವರ್ಷಕ್ಕಿಂತ ಕಡಿಮೆಯಿದ್ದರೆ ತಿಂಗಳಿಗೆ 30,000, ಹೆಚ್ಚಿದ್ದರೆ 32,000 ರೂಪಾಯಿ ಎಂದೂ, ಅರ್ಹತೆ ಇಲ್ಲದವರಿಗೆ ಕ್ರಮವಾಗಿ 26,000 ಮತ್ತು 28,000 ಎಂದೂ ನಿಗದಿಪಡಿಸಿತು. ಅದಕ್ಕೆ ಮುಂಚೆ ಇದ್ದದ್ದು 13,000 ಮತ್ತು 11,000. ಏರಿಕೆ ದೊಡ್ಡದೇ, ಆದರೆ ಅದರ ಜೊತೆಗೆ ವಾರದ ಕಾರ್ಯಭಾರ 15 ಗಂಟೆಗೆ ಏರಿದ್ದರಿಂದ, ಇಬ್ಬರು ಹಂಚಿಕೊಳ್ಳುತ್ತಿದ್ದ ಪಾಠ ಒಬ್ಬರ ಪಾಲಿಗೆ ಬಂದು, ರಾಜ್ಯದಾದ್ಯಂತ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. 2023ರ ಕೊನೆಯ ದೀರ್ಘ ಮುಷ್ಕರದ ಬಳಿಕ ಸೇವಾವಧಿಗೆ ಅನುಗುಣವಾಗಿ 5,000ದಿಂದ 8,000 ರೂಪಾಯಿವರೆಗೆ ಹೆಚ್ಚಳ, 5 ಲಕ್ಷ ರೂಪಾಯಿಯ ಆರೋಗ್ಯ ವಿಮೆ, ಮೂರು ತಿಂಗಳ ಹೆರಿಗೆ ರಜೆ, ದೀರ್ಘ ಸೇವೆ ಮಾಡಿ 60 ವರ್ಷಕ್ಕೆ ಬಿಡುವವರಿಗೆ 5 ಲಕ್ಷ ರೂಪಾಯಿವರೆಗಿನ ಇಡಿಗಂಟು ಇವುಗಳನ್ನು ಸರಕಾರ ಪ್ರಕಟಿಸಿತು. ಗಮನಿಸಿ, ಹೆಚ್ಚಳದ ಮೊತ್ತವೂ ಇಡಿಗಂಟಿನ ಮೊತ್ತವೂ ನಿಂತಿರುವುದು ಎಷ್ಟು ವರ್ಷ ಕಲಿಸಿದ್ದೀರಿ ಎಂಬುದರ ಮೇಲೆ. ಅದನ್ನು ತೋರಿಸಬೇಕಾದವರು ನೀವು.

ಉಳಿದ ಮೂರು ಬಗೆಯವರಿಗೆ ಈ ದರ ಅನ್ವಯಿಸುವುದಿಲ್ಲ. ಯುಜಿಸಿ 2019ರ ಜನವರಿಯಲ್ಲಿ ಅತಿಥಿ ಅಧ್ಯಾಪಕರಿಗೆ ಒಂದು ಉಪನ್ಯಾಸಕ್ಕೆ 1,500 ರೂಪಾಯಿಯಂತೆ ತಿಂಗಳಿಗೆ ಗರಿಷ್ಠ 50,000 ಎಂಬ ಮಾರ್ಗಸೂಚಿ ಹೊರಡಿಸಿದ್ದು ನಿಜ. ಆದರೆ ಅದನ್ನು ಹಿಡಿದು ಆಡಳಿತ ಮಂಡಳಿಯ ಮುಂದೆ ನಿಂತವರಿಗೆಲ್ಲ ಸಿಕ್ಕಿದ ಉತ್ತರ ನಮ್ಮ ಕಡೆಯ ಪ್ರಸಿದ್ಧ ಉತ್ತರವೇ: “ನೋಡುವ ಮಾರಾಯ್ರೆ.”

ಕಡತ ತೆರೆಯುವುದು

ಕೆಲಸಕ್ಕೆ ಸೇರಿದ ವಾರವೇ ಒಂದು ಗಟ್ಟಿ ಕಡತವನ್ನು ತೆರೆಯಿರಿ. ಅದಕ್ಕೆ ಮೊದಲು ಹೋಗಬೇಕಾದದ್ದು ನೇಮಕಾತಿ ಆದೇಶ. ಬಾಯಿಮಾತಿನಲ್ಲಿ “ನಾಳೆಯಿಂದ ಬನ್ನಿ” ಎಂದರೆ ಹೋಗಿ ಪಾಠ ಆರಂಭಿಸಿ, ಆದರೆ ಅದೇ ದಿನ “ತಮ್ಮ ಸೂಚನೆಯಂತೆ ಇಂದು ಪೂರ್ವಾಹ್ನ ಕರ್ತವ್ಯಕ್ಕೆ ಹಾಜರಾಗಿದ್ದೇನೆ” ಎಂದು ಎರಡು ಸಾಲಿನ ಪತ್ರವನ್ನು ಪ್ರಾಂಶುಪಾಲರಿಗೆ ಬರೆದು, ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆದೇಶ ಬರುವುದು ತಡವಾದರೂ ಸೇರಿದ ದಿನಾಂಕಕ್ಕೆ ಈ ಹಾಜರಾತಿ ವರದಿಯೇ ಸಾಕ್ಷಿ. ಎರಡನೆಯದು, ಪ್ರತಿ ಸೆಮಿಸ್ಟರಿನ ವೇಳಾಪಟ್ಟಿಯ ಪ್ರತಿ. ನಿಮ್ಮ ಹೆಸರಿನ ಮುಂದೆ ವಾರಕ್ಕೆ ಎಷ್ಟು ಗಂಟೆ ಎಂದು ಅದರಲ್ಲಿ ಕಾಣಬೇಕು. ಮೂರನೆಯದು, ಆಂತರಿಕ ಪರೀಕ್ಷೆ, ಮೇಲ್ವಿಚಾರಣೆ, ಮೌಲ್ಯಮಾಪನ, ಎನ್‌ಎಸ್‌ಎಸ್ ಶಿಬಿರ, ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಸಮಿತಿ ಮುಂತಾದ ಹೆಚ್ಚುವರಿ ಕೆಲಸಗಳಿಗೆ ನಿಮ್ಮನ್ನು ನಿಯೋಜಿಸಿದ ಸುತ್ತೋಲೆಗಳು. ನ್ಯಾಕ್ ತಂಡ ಬರುವ ವರ್ಷ ಅತಿಥಿಗಳಿಗೆ ಇದ್ದಕ್ಕಿದ್ದಂತೆ ಎಲ್ಲ ಸಮಿತಿಗಳಲ್ಲೂ ಸ್ಥಾನ ಸಿಗುತ್ತದೆ. ತಂಡ ಹೋದ ಮರುದಿನ ಆ ಹೆಸರುಗಳು ಫಲಕದಿಂದ ಅಳಿಸಿಹೋಗುತ್ತವೆ. ಫಲಕದ ಫೋಟೊ ತೆಗೆದಿಟ್ಟುಕೊಳ್ಳುವುದರಲ್ಲಿ ಸಂಕೋಚ ಬೇಡ.

ಹಾಜರಿ ಪುಸ್ತಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಮೂರು ವರ್ಷ ಕಲಿಸಿದ ಒಂದು ಕಾಲೇಜಿಗೆ ಆರು ವರ್ಷಗಳ ಬಳಿಕ ಸೇವಾ ಪ್ರಮಾಣಪತ್ರ ಕೇಳಿಕೊಂಡು ಹೋದೆ. ಪ್ರಾಂಶುಪಾಲರು ಬದಲಾಗಿದ್ದರು, ಗುಮಾಸ್ತರು ನಿವೃತ್ತರಾಗಿದ್ದರು, ಹಳೆಯ ಹಾಜರಿ ಪುಸ್ತಕಗಳನ್ನು ಇಟ್ಟಿದ್ದ ಕೋಣೆಗೆ ಎರಡು ಮಳೆಗಾಲ ನೀರು ಸೋರಿತ್ತು, ಉಳಿದದ್ದನ್ನು ಗೆದ್ದಲು ಮುಗಿಸಿತ್ತು. ಹೊಸ ಪ್ರಾಂಶುಪಾಲರು ಸಜ್ಜನರು. ಆದರೆ ದಾಖಲೆ ಇಲ್ಲದೆ ಸಹಿ ಹಾಕಲು ಅವರಿಗೆ ಸಾಧ್ಯವಿರಲಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಕುತ್ತಿರಲಿಲ್ಲ. ಕೊನೆಗೆ ಬ್ಯಾಂಕಿನ ಪಾಸ್ ಪುಸ್ತಕದಲ್ಲಿದ್ದ ಗೌರವಧನದ ನಮೂದುಗಳಿಂದ ಎರಡು ವರ್ಷಗಳನ್ನು ಹೇಗೋ ಸಾಬೀತುಪಡಿಸಿದೆ. ನಗದಾಗಿ ಪಡೆದಿದ್ದ ಒಂದು ವರ್ಷ ಹೋಯಿತು. ಹಾಗಾಗಿ ಪ್ರತಿ ತಿಂಗಳ ಕೊನೆಯ ದಿನ ನಿಮ್ಮ ಸಹಿಯಿರುವ ಪುಟದ ಫೋಟೊ ತೆಗೆದುಕೊಳ್ಳಿ. ಗೌರವಧನ ಬ್ಯಾಂಕ್ ಖಾತೆಗೇ ಬರಲಿ ಎಂದು ಒತ್ತಾಯಿಸಿ.

ಒಂದು ವರ್ಷ ಹೋದರೆ ಏನಾಯಿತು ಎನ್ನುವವರಿಗೆ ಯುಜಿಸಿಯ 2018ರ ನಿಯಮಾವಳಿಯನ್ನು ತೋರಿಸುತ್ತೇನೆ. ವಿಶ್ವವಿದ್ಯಾನಿಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಕರೆಯುವ ಪಟ್ಟಿ ಮಾಡುವಾಗ ಬೋಧನಾ ಅನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10 ಅಂಕಗಳಿವೆ; ವರ್ಷ ಪೂರ್ತಿಯಾಗದಿದ್ದರೆ ಅಂಕವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಅದೇ ನಿಯಮಾವಳಿ, ತಾತ್ಕಾಲಿಕ ಅಥವಾ ಗುತ್ತಿಗೆ ಸೇವೆಯನ್ನು ಯಾವ ಹೆಸರಿನಿಂದ ಕರೆದಿದ್ದರೂ ನೇರ ನೇಮಕಾತಿ ಮತ್ತು ಬಡ್ತಿಗೆ ಪರಿಗಣಿಸಬಹುದು ಎನ್ನುತ್ತದೆ. ಅದಕ್ಕೆ ಷರತ್ತುಗಳಿವೆ: ಆ ಹುದ್ದೆಗೆ ಯುಜಿಸಿ ವಿಧಿಸಿದ ಅರ್ಹತೆ ಇದ್ದಿರಬೇಕು, ಕ್ರಮಬದ್ಧ ಆಯ್ಕೆ ಸಮಿತಿಯ ಶಿಫಾರಸಿನ ಮೇಲೆ ನೇಮಕವಾಗಿರಬೇಕು, ಒಟ್ಟು ಸಂಬಳ ಖಾಯಂ ಸಹಾಯಕ ಪ್ರಾಧ್ಯಾಪಕರ ತಿಂಗಳ ಸಂಬಳಕ್ಕಿಂತ ಕಡಿಮೆ ಇದ್ದಿರಬಾರದು. ನಮ್ಮವರಲ್ಲಿ ಬಹುತೇಕರು ಎಡವುವುದು ಈ ಕೊನೆಯ ಷರತ್ತಿನಲ್ಲಿ. ಕಡಿಮೆ ಕೊಟ್ಟದ್ದು ಸಂಸ್ಥೆ, ಅದರಿಂದಾಗಿ ಸೇವೆ ಕಳೆದುಕೊಳ್ಳುವವರು ಅಧ್ಯಾಪಕರು; ಈ ಷರತ್ತಿನಲ್ಲಿ ನ್ಯಾಯವಿದೆ ಎಂದು ನನಗೆ ಎಂದೂ ಅನ್ನಿಸಿಲ್ಲ. ಆದರೂ ಎರಡನೆಯದು ನಿಮ್ಮ ಕೈಯಲ್ಲಿದೆ: ಸಂದರ್ಶನ ನಡೆಸಿದ ಸಮಿತಿಯ ಉಲ್ಲೇಖ ನೇಮಕಾತಿ ಆದೇಶದಲ್ಲಿ ಇರುವಂತೆ ಆರಂಭದಲ್ಲೇ ಕೇಳಿಕೊಳ್ಳಿ.

ಮಳೆ ರಜೆಯ ಲೆಕ್ಕ

ಘಟ್ಟದ ಮೇಲಿನ ಸ್ನೇಹಿತರಿಗೆ ಇದು ಅಷ್ಟಾಗಿ ಅರ್ಥವಾಗುವುದಿಲ್ಲ. ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಗಳು ರಾತ್ರಿ ಹೊರಡಿಸುವ ರಜೆ ಆದೇಶಕ್ಕಾಗಿ ಮಕ್ಕಳು ಮೊಬೈಲ್ ಹಿಡಿದು ಕಾಯುತ್ತಿರುತ್ತಾರೆ. ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವ ಉಪನ್ಯಾಸಕರ ಮನೆಯಲ್ಲಿ ಅದೇ ಆದೇಶ ಬರದಿರಲಿ ಎಂಬ ಹಾರೈಕೆ. ಮೊದಲು ಆದೇಶವನ್ನು ಪೂರ್ತಿ ಓದಿ. ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ಮಾತ್ರ ರಜೆ ಇದ್ದು ಪದವಿ ಕಾಲೇಜಿಗೆ ಇಲ್ಲದ ದಿನ, ಹೊಳೆ ಉಕ್ಕಿ ಬಸ್ಸು ಬರಲಿಲ್ಲವೆಂದು ನೀವು ಮನೆಯಲ್ಲಿ ಉಳಿದರೆ ಅದು ನಿಮ್ಮ ಗೈರುಹಾಜರಿ. ಪದವಿ ಕಾಲೇಜಿಗೂ ರಜೆ ಇದ್ದರೆ, ಆ ದಿನ ವೇಳಾಪಟ್ಟಿಯಂತೆ ನಿಮಗಿದ್ದ ತರಗತಿಗಳನ್ನು ಬರೆದಿಟ್ಟುಕೊಳ್ಳಿ. ರಜೆಯ ಪಾಠವನ್ನು ಶನಿವಾರ ಮಧ್ಯಾಹ್ನವೋ ಭಾನುವಾರವೋ ಸರಿದೂಗಿಸುವಂತೆ ಸುತ್ತೋಲೆ ಬರುತ್ತದೆ, ಖಾಯಂ ಅಧ್ಯಾಪಕರಿಗೆ ಅದು ಹೆಚ್ಚುವರಿ ಶ್ರಮ ಮಾತ್ರ. ಗಂಟೆಯ ಲೆಕ್ಕದವರು ಆ ತರಗತಿಯನ್ನು ತೆಗೆದುಕೊಂಡ ದಿನಾಂಕ, ಅವಧಿ ಮತ್ತು ವಿದ್ಯಾರ್ಥಿಗಳ ಹಾಜರಿಯನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ವಿಭಾಗ ಮುಖ್ಯಸ್ಥರ ಸಹಿ ಪಡೆದು ಬಿಲ್ಲಿಗೆ ಲಗತ್ತಿಸದಿದ್ದರೆ, ಆ ಗಂಟೆಗಳು ಲೆಕ್ಕಕ್ಕೆ ಬರುವುದಿಲ್ಲ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು ಎಂದು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಡುವವರು ಒಂದು ಮಾತನ್ನು ನೆನಪಿಡಬೇಕು. ಸರಕಾರಿ ಕಾಲೇಜಿನಲ್ಲಿ ಪೂರ್ಣ ಕಾರ್ಯಭಾರ ಪಡೆದವರು ಬೇರೆಡೆ ಸಂಬಳಕ್ಕೆ ಕಲಿಸುವುದು ಆದೇಶದ ಷರತ್ತಿಗೆ ವಿರುದ್ಧವಾಗಬಹುದು. ಆದೇಶದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದ ಮೇಲೆ ಒಪ್ಪಿಕೊಳ್ಳಿ.

ಗೌರವಧನ ತಡವಾದಾಗ

ಗೌರವಧನ ಬಂದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಳ್ಳುವುದರಿಂದ ಮನಸ್ಸು ಹಗುರವಾಗಬಹುದು, ಬಿಲ್ಲು ಮುಂದೆ ಹೋಗುವುದಿಲ್ಲ. ಸರಕಾರಿ ಕಾಲೇಜಿನ ಹಣ ಬರಬೇಕಾದರೆ ಮೊದಲು ಇಲಾಖೆಯಿಂದ ಅನುದಾನ ಬಿಡುಗಡೆಯಾಗಬೇಕು, ಬಳಿಕ ಪ್ರಾಂಶುಪಾಲರು ಕಾರ್ಯಭಾರ ದೃಢೀಕರಿಸಿ ಬಿಲ್ಲು ತಯಾರಿಸಬೇಕು, ಅದು ಸರಕಾರದ ಆನ್‌ಲೈನ್ ಪಾವತಿಯ ಖಜಾನೆ-2 ವ್ಯವಸ್ಥೆಯ ಮೂಲಕ ಪಾಸಾಗಬೇಕು. ಮೂರರಲ್ಲಿ ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಮೊದಲು ಕಚೇರಿಯಲ್ಲಿ ವಿನಯದಿಂದ ಕೇಳಿ. ಅನುದಾನವೇ ಬಂದಿಲ್ಲವಾದರೆ ಪ್ರಾಂಶುಪಾಲರ ಮೇಲೆ ಕೋಪಿಸಿಕೊಂಡು ಪ್ರಯೋಜನವಿಲ್ಲ. ಎಲ್ಲರೂ ಸೇರಿ ಪ್ರಾಂಶುಪಾಲರ ಮೂಲಕವೇ ಪ್ರಾದೇಶಿಕ ಜಂಟಿ ನಿರ್ದೇಶಕರಿಗೆ ಮನವಿ ಕೊಡಬೇಕು. ಅನುದಾನ ಬಂದೂ ಬಿಲ್ಲು ಆಗಿಲ್ಲವಾದರೆ ಲಿಖಿತ ಮನವಿ ಕಾಲೇಜಿಗೇ ಸಲ್ಲಬೇಕು.

ಎರಡು ಮನವಿಗಳಿಗೂ ಉತ್ತರ ಬರದಿದ್ದಾಗ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು ಮತ್ತು 150 ಪದಗಳನ್ನು ಮೀರಬಾರದು, ಇದು ಸಾಹಿತ್ಯದ ಮೇಷ್ಟ್ರುಗಳಿಗೆ ಸ್ವಲ್ಪ ಕಷ್ಟದ ಷರತ್ತು. “ನಮಗೆ ಯಾಕೆ ಸಂಬಳ ಕೊಟ್ಟಿಲ್ಲ” ಎಂದು ಕೇಳಬೇಡಿ. ಯಾಕೆ ಎಂಬುದಕ್ಕೆ ಈ ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ. “ಇಂತಿಂಥ ತಿಂಗಳ ಅತಿಥಿ ಉಪನ್ಯಾಸಕರ ಗೌರವಧನದ ಅನುದಾನ ಬಿಡುಗಡೆ ಆದೇಶದ ಪ್ರತಿ, ಬಿಲ್ಲು ಖಜಾನೆಗೆ ಸಲ್ಲಿಕೆಯಾದ ದಿನಾಂಕದ ದಾಖಲೆಯ ಪ್ರತಿ” ಎಂದು ಕೇಳಿ. ಅರ್ಜಿ ತಲುಪಿದ ಬಳಿಕ ಬಿಲ್ಲೇ ಮೊದಲು ಹೊರಟುಬಿಡುವುದನ್ನು ಕಂಡಿದ್ದೇನೆ. ಸರಕಾರದ ಅನುದಾನ ಗಣನೀಯವಾಗಿರುವ ಖಾಸಗಿ ಕಾಲೇಜುಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ.

ಖಾಸಗಿಯವರಿಗೆ ಕಾನೂನು ಕೊಟ್ಟಿರುವುದು

ಸರಕಾರಿ ಅತಿಥಿಗಳಿಗಿಂತ ಖಾಸಗಿ ಕಾಲೇಜಿನವರಿಗೆ ಹಕ್ಕುಗಳು ಕಡಿಮೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. 20 ಅಥವಾ ಹೆಚ್ಚು ನೌಕರರಿರುವ ಶಿಕ್ಷಣ ಸಂಸ್ಥೆಗಳು 1982ರಿಂದಲೂ ಭವಿಷ್ಯ ನಿಧಿಯ ವ್ಯಾಪ್ತಿಯಲ್ಲಿವೆ. ಗುತ್ತಿಗೆಯವರೂ ಆ ಕಾನೂನಿನ ಪ್ರಕಾರ ನೌಕರರೇ. ಮೂಲ ವೇತನದ ಶೇ. 12ರಷ್ಟು ನಿಮ್ಮಿಂದ ಕಡಿತವಾದರೆ ಅಷ್ಟನ್ನೇ ಸಂಸ್ಥೆಯೂ ಹಾಕಬೇಕು. ಮೊದಲ ಸಲ ಸೇರುವಾಗಲೇ ವೇತನ 15,000 ರೂಪಾಯಿ ಮೀರಿದ್ದರೆ ಸದಸ್ಯತ್ವ ಕಡ್ಡಾಯವಲ್ಲ ಎಂಬ ಮಿತಿ ಇದೆ. ಹಿಂದೆ ಬೇರೆಡೆ ಸದಸ್ಯರಾಗಿದ್ದವರಿಗೆ ಆ ವಿನಾಯಿತಿಯನ್ನು ತೋರಿಸಲಾಗದು. ಯುಎಎನ್ ಎಂಬ ನಿಮ್ಮ ಭವಿಷ್ಯ ನಿಧಿ ಸಂಖ್ಯೆ ಪಡೆದು, ಪಾಲು ಪ್ರತಿ ತಿಂಗಳು ಜಮೆಯಾಗುತ್ತಿದೆಯೇ ಎಂದು ಪಾಸ್ ಪುಸ್ತಕದಲ್ಲಿ ನೀವೇ ನೋಡಿ. ಜಮೆಯಾಗದಿದ್ದರೆ ಭವಿಷ್ಯ ನಿಧಿ ಸಂಘಟನೆಯ ಜಾಲತಾಣದಲ್ಲೇ ದೂರು ದಾಖಲಿಸಬಹುದು.

ಕೆಲಸ ಬಿಡುವಾಗ ಸಂಸ್ಥೆ ಕೊಡಬೇಕಾದ ಗ್ರಾಚ್ಯುಟಿ ವಿಷಯದಲ್ಲಿ ಅಧ್ಯಾಪಕರು ನೌಕರರ ವ್ಯಾಖ್ಯೆಗೆ ಬರುವುದಿಲ್ಲ ಎಂದು ನ್ಯಾಯಾಲಯ ಒಮ್ಮೆ ಹೇಳಿತ್ತು. ಸಂಸತ್ತು 2009ರಲ್ಲಿ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದಲೇ ಅನ್ವಯಿಸುವಂತೆ ಅಧ್ಯಾಪಕರನ್ನು ಸೇರಿಸಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಲೆಕ್ಕ ಸುಲಭ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವಾ ವರ್ಷಗಳಿಂದ ಗುಣಿಸಬೇಕು. 26,000 ರೂಪಾಯಿ ಪಡೆಯುತ್ತಿದ್ದವರು 6 ವರ್ಷದ ಬಳಿಕ ಬಿಟ್ಟರೆ 90,000 ರೂಪಾಯಿ. ಸಾಮಾನ್ಯವಾಗಿ 5 ವರ್ಷದ ನಿರಂತರ ಸೇವೆ ಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ನಿಗದಿತ ಅವಧಿಯ ಉದ್ಯೋಗಿಗಳಿಗೆ ಅದನ್ನು ಒಂದು ವರ್ಷಕ್ಕೆ ಇಳಿಸಿದೆ. ಪ್ರತಿ ಬೇಸಿಗೆಯಲ್ಲಿ ಬಿಡುಗಡೆ ಮಾಡಿ ಮಳೆಗಾಲದಲ್ಲಿ ಹೊಸ ಆದೇಶ ಕೊಡುವ ಸಂಸ್ಥೆಗಳು ಸೇವೆ ನಿರಂತರವಲ್ಲ ಎಂದು ವಾದಿಸುತ್ತವೆ. ಬೇಸಿಗೆ ರಜೆಯಲ್ಲಿ ಮೌಲ್ಯಮಾಪನಕ್ಕೋ ಪ್ರವೇಶಾತಿ ಕೆಲಸಕ್ಕೋ ನಿಮ್ಮನ್ನು ಕರೆದ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ, ಆ ವಾದಕ್ಕೆ ಅವೇ ಉತ್ತರವಾಗಬಲ್ಲವು.

ಹೆರಿಗೆ ಸೌಲಭ್ಯಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಸಲ್ಲುತ್ತದೆ. ಗುತ್ತಿಗೆ ಅವಧಿ ನಡುವೆ ಮುಗಿಯಿತೆಂದು ಸೌಲಭ್ಯವನ್ನು ಅಲ್ಲಿಗೇ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಲೈಂಗಿಕ ಕಿರುಕುಳದ ದೂರನ್ನು ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ಕೊಡಬೇಕು. ತಾತ್ಕಾಲಿಕ ನೌಕರರೂ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ರಕ್ಷಣೆಯಲ್ಲಿದ್ದಾರೆ. ಮುಂದಿನ ವರ್ಷದ ಆದೇಶ ಸಿಗಲಿಕ್ಕಿಲ್ಲ ಎಂಬ ಭಯವೇ ಇಲ್ಲಿ ಬಾಯಿ ಕಟ್ಟುವುದು. ಸಂಸ್ಥೆಯೊಳಗೆ ನಂಬಿಕೆ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮೊದಲು ಸಲಹೆ ಪಡೆಯಿರಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ಕಾನೂನು ನೆರವು ಇದೆ.

ತೆರಿಗೆ, ಸಾಲ

ಹಲವು ಸಂಸ್ಥೆಗಳು ಗೌರವಧನವನ್ನು ಸಂಬಳವೆಂದು ತೋರಿಸದೆ ವೃತ್ತಿ ಶುಲ್ಕವೆಂದು ತೋರಿಸಿ ಶೇ. 10 ತೆರಿಗೆ ಮುರಿದುಕೊಳ್ಳುತ್ತವೆ. ವರ್ಷದ ಆದಾಯ ತೆರಿಗೆ ಬೀಳುವಷ್ಟು ಇಲ್ಲದಿದ್ದರೆ ರಿಟರ್ನ್ ಸಲ್ಲಿಸಿ ಆ ಹಣವನ್ನು ಹಿಂದೆ ಪಡೆಯಬಹುದು. ಎಷ್ಟೋ ಮಂದಿ ಇದನ್ನು ಮಾಡದೆ ವರ್ಷಕ್ಕೆ ಒಂದು ತಿಂಗಳಿಗೂ ಹೆಚ್ಚಿನ ದುಡಿಮೆಯನ್ನು ಬಿಟ್ಟುಕೊಡುತ್ತಿದ್ದಾರೆ. ರಿಟರ್ನ್ ಸಲ್ಲಿಸುವುದಕ್ಕೆ ಇನ್ನೊಂದು ಕಾರಣವಿದೆ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ಈ ನೆಲದಲ್ಲಿ ಅತಿಥಿ ಉಪನ್ಯಾಸಕರಿಗೆ ವೇತನ ಚೀಟಿ ಇಲ್ಲವೆಂದು ಗೃಹಸಾಲದ ಅರ್ಜಿ ಹಿಂದಿರುಗುತ್ತದೆ. ಮೂರು ವರ್ಷಗಳ ರಿಟರ್ನ್ ಇದ್ದರೆ ಮಾತುಕತೆಯಾದರೂ ಆರಂಭವಾಗುತ್ತದೆ.

ಅರ್ಹತೆ

ಈ ಭಾಗವನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಹೇಳಬೇಕಾದದ್ದು ಒಂದೇ: ಎನ್‌ಇಟಿ ಅಥವಾ ಕೆ-ಸೆಟ್ (ಅಧ್ಯಾಪಕ ಹುದ್ದೆಗೆ ರಾಷ್ಟ್ರ ಮತ್ತು ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಗಳು) ಇಲ್ಲದವರು ಅದನ್ನು ಮುಂದೂಡಬೇಡಿ. ಕೌನ್ಸೆಲಿಂಗ್ ಪಟ್ಟಿಯಲ್ಲಿ ಅದು ನಿಮ್ಮ ಸ್ಥಾನವನ್ನು ನಿರ್ಧರಿಸುತ್ತದೆ. ಎನ್‌ಇಟಿ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಕೆ-ಸೆಟ್ ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೈಯಲ್ಲಿದೆ, ಮತ್ತು ಕನ್ನಡದಲ್ಲೂ ಬರೆಯಬಹುದು.

ಕೆಲಸದಿಂದ ತೆಗೆದಾಗ

ವರ್ಗಾವಣೆಯಾಗಿ ಖಾಯಂ ಅಧ್ಯಾಪಕರೊಬ್ಬರು ಬಂದರೆ, ಅಥವಾ ಕೆಲವು ವರ್ಷಗಳ ಹಿಂದೆ 1,242 ಸಹಾಯಕ ಪ್ರಾಧ್ಯಾಪಕರ ನೇಮಕಾತಿ ನಡೆದಾಗ ಆದಂತೆ ಹೊಸಬರು ಬಂದರೆ, ಸೆಮಿಸ್ಟರಿನ ನಡುವೆಯೇ ಅತಿಥಿಯ ಕಾರ್ಯಭಾರ ಇಲ್ಲವಾಗುತ್ತದೆ. ಆ ದಿನ ಬಾಯಿಮಾತಿನ ಬಿಡುಗಡೆಯನ್ನು ಒಪ್ಪಬೇಡಿ, ಕಾರಣ ನಮೂದಿಸಿದ ಆದೇಶ ಕೇಳಿ. ಅದಿದ್ದರೆ ಖಾಲಿ ಕಾರ್ಯಭಾರವಿರುವ ಬೇರೆ ಕಾಲೇಜಿಗೆ ನಿಯೋಜಿಸುವಂತೆ ಇಲಾಖೆಯನ್ನು ಕೇಳಲು ದಾರಿಯಾಗುತ್ತದೆ. ಖಾಸಗಿ ಸಂಸ್ಥೆ ವಜಾ ಮಾಡಿದರೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಅಧ್ಯಾಪಕರು ಕಾರ್ಮಿಕರಲ್ಲವೆಂದು ಸುಪ್ರೀಂ ಕೋರ್ಟ್ 1988ರಲ್ಲೇ ತೀರ್ಮಾನಿಸಿದೆ. ಖಾಸಗಿ ಶಿಕ್ಷಣ ಸಂಸ್ಥೆಗಳ ನೌಕರರಿಗಿರುವ ವೇದಿಕೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿ, ಮೇಲ್ಮನವಿ ಸಲ್ಲಿಸಲು ಅವಧಿ ಮೂರು ತಿಂಗಳು. ಸಂಧಾನದ ಮಾತಿನಲ್ಲಿ ಆ ಮೂರು ತಿಂಗಳು ಕಳೆದುಹೋಗಲು ಬಿಡಬೇಡಿ.

ಖಾಯಂ ಆಗುವ ವಿಷಯದಲ್ಲಿ ಭರವಸೆ ಕೊಡುವವರ ಮಾತನ್ನು ಅಳೆದು ನೋಡಿ. ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಕ್ರಮಬದ್ಧ ನೇಮಕಾತಿ ಇಲ್ಲದೆ ಬಂದವರು ದೀರ್ಘ ಸೇವೆಯ ಆಧಾರದಲ್ಲಿ ಖಾಯಮಾತಿಯನ್ನು ಹಕ್ಕಾಗಿ ಕೇಳಲಾಗದು ಎಂದಿತು. 2024ರ ಡಿಸೆಂಬರಿನ ಜಗ್ಗೊ ಪ್ರಕರಣದಲ್ಲಿ ಅದೇ ನ್ಯಾಯಾಲಯ, ದಶಕಗಟ್ಟಲೆ ದುಡಿಸಿಕೊಂಡವರನ್ನು ಕೈಬಿಡಲು ಆ ತೀರ್ಪನ್ನು ಗುರಾಣಿಯಾಗಿಸಬಾರದು ಎಂದಿದೆ. ಸಂಬಳದ ವಿಷಯದಲ್ಲಿ ನೆಲ ಇನ್ನಷ್ಟು ಗಟ್ಟಿಯಾಗಿದೆ: 2016ರ ಜಗಜಿತ್ ಸಿಂಗ್ ಪ್ರಕರಣ ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವವನ್ನು ಅನ್ವಯಿಸಿತು, 2025ರ ಆಗಸ್ಟಿನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ವೇತನ ಶ್ರೇಣಿಯ ಕನಿಷ್ಠ ಮೊತ್ತವನ್ನು ಬಾಕಿ ಸಹಿತ ಕೊಡುವಂತೆ ಆದೇಶವಾಯಿತು. ಒಬ್ಬರೇ ಬೆಂಗಳೂರಿನ ಹೈಕೋರ್ಟಿಗೆ ಅಲೆಯುವ ಬದಲು, ಒಂದೇ ಬಗೆಯ ಆದೇಶ ಇರುವ ಹತ್ತಿಪ್ಪತ್ತು ಮಂದಿ ಸೇರಿ ರಿಟ್ ಅರ್ಜಿ ಸಲ್ಲಿಸಿದರೆ ಖರ್ಚೂ ಹಂಚಿಹೋಗುತ್ತದೆ, ಒಬ್ಬರ ಮೇಲೆ ಕಣ್ಣು ಬೀಳುವುದೂ ತಪ್ಪುತ್ತದೆ. ವಕೀಲರು ಮೊದಲ ಭೇಟಿಯಲ್ಲಿ ಕೇಳುವುದು ಆದೇಶಗಳು, ಹಾಜರಿ, ಬ್ಯಾಂಕ್ ನಮೂದುಗಳು. ಅಂದರೆ ಆ ಕಡತ.

ಅದರಲ್ಲಿ ಪ್ರತಿ ವರ್ಷ ಕೊನೆಗೆ ಸೇರಬೇಕಾದ ಹಾಳೆ ಸೇವಾ ಪ್ರಮಾಣಪತ್ರ. ಸೇರಿದ ಮತ್ತು ಬಿಡುಗಡೆಯಾದ ದಿನಾಂಕ, ವಿಷಯ, ವಾರದ ಗಂಟೆ, ಪಡೆದ ಗೌರವಧನ, ಆದೇಶದ ಸಂಖ್ಯೆ, ಇವಿಷ್ಟು ಇರುವ ಕರಡನ್ನು ನೀವೇ ಟೈಪ್ ಮಾಡಿಸಿ ತೆಗೆದುಕೊಂಡು ಹೋಗಿ. ಪರೀಕ್ಷೆಯ ಗಡಿಬಿಡಿಯಲ್ಲಿರುವ ಕಚೇರಿ ಅದನ್ನು ಬರೆದುಕೊಡುವುದಕ್ಕಿಂತ ತಿದ್ದಿ ಸಹಿ ಹಾಕಿಸಿಕೊಡುವುದು ಬೇಗ. ಕೊನೆಯ ತರಗತಿ ಮುಗಿದ ವಾರವೇ ಈ ಕೆಲಸ ಆಗಬೇಕು. ಬೇಸಿಗೆಯಲ್ಲಿ ಪ್ರಾಂಶುಪಾಲರ ವರ್ಗಾವಣೆ ಆದರೆ ಹೊಸಬರಿಗೆ ನಿಮ್ಮ ಮುಖಪರಿಚಯವೂ ಇರುವುದಿಲ್ಲ. ಸಹಿಯಾದ ಪತ್ರದ ಎರಡು ಪ್ರತಿ ಮಾಡಿಸಿ, ಒಂದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ, ಮಳೆ ತಾಗದ ಜಾಗದಲ್ಲಿಡಿ.